ನೀಟ್ ಎಂಡಿಎಸ್: ಓದಿದ್ದನ್ನು ಹೆಣೆದುಕೊಳ್ಳುವ ಬಗೆ

ದಂತವೈದ್ಯಕೀಯ ಸ್ನಾತಕೋತ್ತರ ಪದವಿಯ ಪ್ರವೇಶಕ್ಕಾಗಿ ನಡೆಯುವ ನೀಟ್ ಎಂಡಿಎಸ್ ಪರೀಕ್ಷೆಯಲ್ಲಿ ಮೂರು ಗಂಟೆಗಳಲ್ಲಿ 240 ಪ್ರಶ್ನೆಗಳನ್ನು ಎದುರಿಸಬೇಕು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಬಿಡಿ ಸಂಗತಿಗಳ ಬಾಯಿಪಾಠ ಇಲ್ಲಿ ಸಾಲದೆಂಬುದು ನನಗೆ ಎರಡನೆಯ ಪ್ರಯತ್ನದಲ್ಲಿ ಮನವರಿಕೆಯಾಯಿತು.

ಆ ವರ್ಷ ನಾನು ಪುನರಾವರ್ತನೆಯನ್ನು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಿಂದ ಆರಂಭಿಸಿದೆ. ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜವೇ ಆಗಿರುವ ಈ ಪದರವನ್ನು ರೂಪಿಸುವ ಅಮೆಲೋಬ್ಲಾಸ್ಟ್ ಕೋಶಗಳು ಹಲ್ಲು ಮೂಡುವ ವೇಳೆಗೆ ಇಲ್ಲವಾಗುವುದರಿಂದ, ಒಮ್ಮೆ ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ, ಅಂದರೆ ಆಮ್ಲೀಯತೆ ಅಷ್ಟು ಹೆಚ್ಚಿದರೆ, ಖನಿಜ ಕರಗತೊಡಗುತ್ತದೆ. ಫ್ಲೋರೈಡ್ ಸೇರಿದ ಖನಿಜಕ್ಕೆ ಆ ಮಿತಿ ಸುಮಾರು 4.5. ಅದೇ ಫ್ಲೋರೈಡ್ ಕುಡಿಯುವ ನೀರಿನಲ್ಲಿ ಅತಿಯಾದಾಗ ಏನಾಗುತ್ತದೆ ಎಂಬುದನ್ನು ಪಾವಗಡದ ಮಕ್ಕಳ ಕಂದುಗಟ್ಟಿದ ಹಲ್ಲುಗಳೇ ಹೇಳುತ್ತವೆ. ಹೀಗೆ ಅಂಗಾಂಶಶಾಸ್ತ್ರ, ಜೀವರಸಾಯನಶಾಸ್ತ್ರ ಮತ್ತು ಸಾರ್ವಜನಿಕ ಆರೋಗ್ಯ ಒಂದೇ ದಾರದಲ್ಲಿ ಹೆಣೆದುಕೊಂಡವು.

ಅಂಗರಚನೆಯನ್ನು ನನಗೆ ಕಲಿಸಿದವರು ಇಂಟರ್ನ್‌ಶಿಪ್‌ನಲ್ಲಿ ಕಂಡ ಒಬ್ಬ ಅಜ್ಜಿ. ಕೆಳದವಡೆಗೆ ಅರಿವಳಿಕೆ ಕೊಟ್ಟು, ತುಟಿ ಜೋಮು ಹಿಡಿದಿದೆಯೆಂದು ಖಚಿತಪಡಿಸಿಕೊಂಡು, ದವಡೆಹಲ್ಲಿನ ಕೆನ್ನೆಯ ಬದಿಯ ಒಸಡನ್ನು ಬಿಡಿಸಲು ಹೊರಟಾಗ, "ಅಮ್ಮಾ, ನೋಯ್ತದೆ" ಎಂದು ಅವರು ನನ್ನ ಮಣಿಕಟ್ಟು ಹಿಡಿದರು. ಆ ಒಸಡಿಗೆ ಹೋಗುವ ಬಕ್ಕಲ್ ನರ, ಕೆಳದವಡೆಯ ಮುಖ್ಯ ನರದಿಂದ ಮೊದಲೇ ಕವಲೊಡೆದು ಬೇರೆ ಹಾದಿ ಹಿಡಿಯುವುದರಿಂದ ಅದಕ್ಕೆ ಪ್ರತ್ಯೇಕ ಚುಚ್ಚುಮದ್ದು ಬೇಕಾಗುತ್ತದೆ. ಮುಖಕ್ಕೂ ಹಲ್ಲುಗಳಿಗೂ ಸಂವೇದನೆ ಕೊಡುವ ಟ್ರೈಜೆಮಿನಲ್ ನರದ ಕವಲುಗಳನ್ನು ಪೆನ್ಸಿಲ್‌ನಿಂದ ಬರೆಯುವಾಗ ಇಂದಿಗೂ ನಾನು ಮೊದಲು ಗುರುತಿಸುವುದು ಆ ಕವಲನ್ನೇ.