ಎರಡನೇ ಸರದಿಯ ಗೆಲುವು ಮತ್ತು ಹತ್ತು ಕೈಗಳ ಸಾಕ್ಷಿ

ಕಳೆದ ಭಾನುವಾರ ಡೊಂಬಿವಲಿಯಿಂದ ಮಾಟುಂಗಾದ ಅಕ್ಕನ ಮನೆಗೆ ಹೋಗಿದ್ದಾಗ, ಸೋದರಳಿಯ ಊಟದ ಮೇಜಿನ ಮೇಲೆ ಮ್ಯಾಜಿಕ್: ದ ಗ್ಯಾದರಿಂಗ್ ಆಟದ ಎಲೆಗಳನ್ನು ಹರವಿಕೊಂಡು ಕುಳಿತಿದ್ದ. ಎರಡು ನಿರ್ದಿಷ್ಟ ಕಾರ್ಡುಗಳು ಒಟ್ಟಿಗೆ ಕೈಗೆ ಬಂದರೆ ಎದುರಾಳಿ ಉಸಿರು ಬಿಡುವುದರೊಳಗೆ ಆಟ ಮುಗಿಯುವಂತಹ ಒಂದು ಕಾಂಬೊ ಡೆಕ್ಕನ್ನು ಅವನು ಕಟ್ಟಿದ್ದ. ಹತ್ತು ಸಲ ಕಲೆಸಿ ಏಳೇಳು ಎಲೆ ಹಂಚಿಕೊಂಡಾಗ ನಾಲ್ಕು ಸಲ ಎರಡೂ ಬಂದಿದ್ದವಂತೆ. ‘ಮಾಮ, ಶೇಕಡಾ ನಲವತ್ತು’ ಎಂದು ಅವನು ತೀರ್ಪು ಕೊಟ್ಟುಬಿಟ್ಟ. ಮೂವತ್ತು ವರ್ಷ ವಿಮೆಯ ಕಡತಗಳ ನಡುವೆ ಕಳೆದ ನನಗೆ ಹತ್ತು ಉದಾಹರಣೆಗಳಿಂದ ಹುಟ್ಟಿದ ಶೇಕಡಾವಾರು ಕಂಡರೆ ಮೈ ಉರಿಯುತ್ತದೆ. ಆದ್ದರಿಂದ ಕಾಫಿ ಆರುವ ಮೊದಲೇ ಕಾಗದ, ಪೆನ್ಸಿಲ್ ತರಿಸಿದೆ.

ಆಟದ ಸಾಮಾನ್ಯ ನಿಯಮ ಸರಳವಾಗಿದೆ. ಕಟ್ಟಿನಲ್ಲಿ ಕನಿಷ್ಠ 60 ಎಲೆಗಳಿರಬೇಕು. ಬೇಸಿಕ್ ಲ್ಯಾಂಡ್ ಎನ್ನುವ ಮೂಲ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಆರಂಭದ ಕೈಗೆ ಏಳು ಎಲೆ. ಅಳಿಯನ ಎರಡು ಕಾರ್ಡುಗಳನ್ನು ನಾನು ಬೀಗ ಮತ್ತು ಕೀಲಿ ಎಂದು ಕರೆಯುತ್ತೇನೆ. ಎರಡೂ ನಾಲ್ಕು ನಾಲ್ಕು ಇವೆ.

ಬೀಗ ಒಂದಾದರೂ ಬರುವ ಸಂಭವನೀಯತೆ ಶೇಕಡಾ 39.95, ಕೀಲಿಗೂ ಅಷ್ಟೇ. ಆದ್ದರಿಂದ ಎರಡನ್ನೂ ಗುಣಿಸಿದರೆ ಶೇಕಡಾ 16 ಬರುತ್ತದೆ ಎಂದು ಅಳಿಯ ಕ್ಯಾಲ್ಕ್ಯುಲೇಟರ್ ಒತ್ತಿದ. ಬಹುಮಂದಿ ಎಡವುವ ಜಾಗ ಇದೇ. ಕೈಯಲ್ಲಿರುವುದು ಏಳೇ ಜಾಗ. ಅದರಲ್ಲಿ ಒಂದನ್ನು ಬೀಗ ಹಿಡಿದುಕೊಂಡರೆ ಕೀಲಿಗೆ ಉಳಿಯುವುದು ಆರು. ಲೋಕಲ್ ರೈಲಿನ ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಿಗೆ ದೊರೆಯುವಷ್ಟು ಔದಾರ್ಯವೂ ಇಲ್ಲಿ ಇಲ್ಲ. ಒಂದರ ಬರವು ಇನ್ನೊಂದರ ಅವಕಾಶವನ್ನು ತುಸು ಕುಗ್ಗಿಸುವುದರಿಂದ ಇವು ಪರಸ್ಪರ ಸ್ವತಂತ್ರ ಘಟನೆಗಳಲ್ಲ, ಆದಕಾರಣ ನೇರ ಗುಣಾಕಾರ ಸಲ್ಲದು.

ಸರಿಯಾದ ದಾರಿ ಎಣಿಸುವುದು. ಶಾಲೆಯಲ್ಲಿ ವಿಕಲ್ಪಗಳ ಪಾಠ ಕಲಿತವರಿಗೆ ಇದು ಹೊಸದಲ್ಲ. 60 ಎಲೆಗಳಿಂದ ಏಳನ್ನು ಆರಿಸಲು 38,62,06,920 ದಾರಿಗಳಿವೆ. ಅವುಗಳಲ್ಲಿ ಬೀಗವೇ ಇಲ್ಲದ ಕೈಗಳು 23,19,17,400, ಕೀಲಿ ಇಲ್ಲದವೂ ಅಷ್ಟೇ. ಇವೆರಡನ್ನೂ ಒಟ್ಟಿನಿಂದ ಕಳೆದರೆ, ಬೀಗವೂ ಕೀಲಿಯೂ ಇಲ್ಲದ 13,37,84,560 ಕೈಗಳನ್ನು ನಾವು ಎರಡು ಸಲ ಕಳೆದಂತಾಗುತ್ತದೆ; ಅವನ್ನು ಒಂದು ಸಲ ಮರಳಿ ಕೂಡಿಸಬೇಕು. ಉಳಿಯುವುದು 5,61,56,680, ಅಂದರೆ ಶೇಕಡಾ 14.5. ಎಳೆದ ಎಲೆಯನ್ನು ಮರಳಿ ಇಡದೆ ಎಣಿಸುವ ಈ ಲೆಕ್ಕಕ್ಕೆ ಹೈಪರ್‌ಜಿಯೊಮೆಟ್ರಿಕ್ ವಿತರಣೆ ಎಂಬ ಭಾರೀ ಹೆಸರಿದೆ. ಹೆಸರಿನ ಭಾರಕ್ಕೆ ಹೆದರಬೇಕಿಲ್ಲ, ಒಳಗಿರುವುದು ಕೂಡಿಸುವ ಕಳೆಯುವ ಕೆಲಸವಷ್ಟೇ.

ಬೀಗ, ಕೀಲಿ ಎರಡೂ ಬಂದು ಅವನ್ನು ಆಡಲು ಮಾನಾ, ಅಂದರೆ ಲ್ಯಾಂಡುಗಳು ಕೊಡುವ ಶಕ್ತಿ, ಇಲ್ಲದಿದ್ದರೆ ಕೈಗೆ ಬಂದ ತುತ್ತು ಬಾಯಿಗಿಲ್ಲದ ಹಾಗೆ. ಅಳಿಯನ ಕಟ್ಟಿನಲ್ಲಿ 20 ಲ್ಯಾಂಡುಗಳಿವೆ. ಸರದಿಗೆ ಒಂದೇ ಲ್ಯಾಂಡ್ ಇಳಿಸಬಹುದಾದ್ದರಿಂದ, ಎರಡನೇ ಸರದಿಯಲ್ಲಿ ಗೆಲ್ಲಲು ಕನಿಷ್ಠ ಎರಡು ಬೇಕು. ಬೀಗ, ಕೀಲಿ, ಎರಡು ಲ್ಯಾಂಡ್ ಇವೆಲ್ಲ ಕೂಡಿರುವ ಕೈಗಳು 3,38,62,864 ಮಾತ್ರ, 14.5 ಇದ್ದದ್ದು 8.8ಕ್ಕೆ ಇಳಿಯಿತು. ಮೊದಲು ಆಡುವವನು ಮೊದಲ ಸರದಿಯಲ್ಲಿ ಎಲೆ ಎಳೆಯುವಂತಿಲ್ಲ, ಎರಡನೆಯದರಲ್ಲಿ ಒಂದನ್ನು ಎಳೆಯುತ್ತಾನೆ. ಆ ಎಂಟನೇ ಎಲೆಯನ್ನೂ ಸೇರಿಸಿದರೆ ಶೇಕಡಾ 13.2. ಒಂದೇ ಒಂದು ಎಲೆ ಇಷ್ಟು ಏರಿಸೀತೆಂದು ನಾನೂ ಎಣಿಸಿರಲಿಲ್ಲ. ಎರಡು ಸಲ ಲೆಕ್ಕ ಮಾಡಿ ನೋಡಿದೆ.

‘ಮಲ್ಲಿಗನ್ ಮರೆತಿರಿ’ ಎಂದು ಅಳಿಯ ಆಕ್ಷೇಪಿಸಿದ. ಆಕ್ಷೇಪ ನ್ಯಾಯವಾದದ್ದು. 2019ರಲ್ಲಿ ಜಾರಿಗೆ ಬಂದ ಲಂಡನ್ ಮಲ್ಲಿಗನ್ ನಿಯಮದ ಪ್ರಕಾರ, ಕೈ ಹಿಡಿಸದಿದ್ದರೆ ಕಲೆಸಿ ಮತ್ತೆ ಏಳು ಎಲೆ ತೆಗೆದುಕೊಳ್ಳಬಹುದು. ಎಷ್ಟು ಸಲ ನಿರಾಕರಿಸಿದೆವೋ ಅಷ್ಟು ಎಲೆಗಳನ್ನು ಆಮೇಲೆ ಕಟ್ಟಿನ ತಳಕ್ಕೆ ಸೇರಿಸಬೇಕು. ಅಳಿಯನಿಗೆ ಬೇಕಾದದ್ದು ನಾಲ್ಕೇ ಎಲೆಗಳು, ಎರಡು ಸಲ ನಿರಾಕರಿಸಿದರೂ ಕೈಯಲ್ಲಿ ಐದು ಉಳಿಯುತ್ತವೆ. ಪ್ರತಿ ಸಲವೂ ಹೊಸದಾಗಿ ಕಲೆಸುವುದರಿಂದ ಇಲ್ಲಿ ಗುಣಾಕಾರ ಸಲ್ಲುತ್ತದೆ: ಏಳು ಎಲೆಗಳ ಕೈ ಕೂಡಿಬರುವುದು ಶೇಕಡಾ 8.8 ಆದ್ದರಿಂದ ಸೋಲುವುದು 91.2; ಮೂರು ಪ್ರಯತ್ನಗಳೂ ಸೋಲುವ ಸಂಭವನೀಯತೆ 0.912ರ ಘನ, ಅಂದರೆ ಸುಮಾರು 0.759. ಒಂದು ಸಲವಾದರೂ ಕೂಡಿಬರುವುದು ಶೇಕಡಾ 24ರಷ್ಟು. ಅದಕ್ಕಾಗಿ ಸಾಧಾರಣವಾಗಿ ಆಡಬಹುದಾದ ಎಷ್ಟೋ ಒಳ್ಳೆಯ ಕೈಗಳನ್ನು ಎಸೆಯಬೇಕಾಗುತ್ತದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಇನ್ನು ಎದುರಾಳಿ. 1996ರ ಅಲಯನ್ಸಸ್ ಸಂಚಿಕೆಯಲ್ಲಿ ಬಂದ ಫೋರ್ಸ್ ಆಫ್ ವಿಲ್ ಎಂಬ ಕಾರ್ಡನ್ನು, ಒಂದು ಜೀವಾಂಕ ತೆತ್ತು ಕೈಯಲ್ಲಿರುವ ಇನ್ನೊಂದು ನೀಲಿ ಕಾರ್ಡನ್ನು ಬಿಟ್ಟುಕೊಟ್ಟು, ಮಾನಾ ಇಲ್ಲದೆಯೇ ಆಡಿ ನಮ್ಮ ಮಂತ್ರವನ್ನು ತಡೆಯಬಹುದು. ಅವನ ಕಟ್ಟಿನಲ್ಲಿ ಅದು ನಾಲ್ಕಿದ್ದು, ಆ ಹೊತ್ತಿಗೆ ಅವನು ಎಂಟು ಎಲೆ ಕಂಡಿದ್ದರೆ, ಅದು ಅವನ ಬಳಿ ಇರುವ ಸಂಭವನೀಯತೆ ಶೇಕಡಾ 44.5. ಅವನ ಕಟ್ಟಿಗೂ ನಮ್ಮದಕ್ಕೂ ಸಂಬಂಧವಿಲ್ಲದ ಕಾರಣ ಇಲ್ಲಿಯೂ ಧಾರಾಳವಾಗಿ ಗುಣಿಸಬಹುದು. 24 ಇದ್ದದ್ದು 13ರ ಆಸುಪಾಸಿಗೆ ಬರುತ್ತದೆ. ಬಿಟ್ಟುಕೊಡಲು ನೀಲಿ ಕಾರ್ಡು ಇಲ್ಲದ ಸಂದರ್ಭಗಳೂ ಇರುವುದರಿಂದ ಇದು ತುಸು ಕಡಿಮೆ ಹೇಳಿದ ಅಂಕಿ.

ಇಷ್ಟು ಕೇಳಿದ ಮೇಲೆ ಅವನು ಜಾಣತನದ ಪ್ರಶ್ನೆಯೊಂದನ್ನು ಕೇಳಿದ: ಕಟ್ಟಿನಿಂದ ಬೇಕಾದ ಕಾರ್ಡನ್ನು ಹುಡುಕಿ ತರುವ ಟ್ಯೂಟರ್‌ಗಳನ್ನು ಸೇರಿಸಿದರೆ? ಈ ಹೆಸರು 1993ರ ಮೊದಲ ಸಂಚಿಕೆಯ ಡೆಮಾನಿಕ್ ಟ್ಯೂಟರ್‌ನಿಂದ ಬಂದದ್ದು. ಬೀಗ ಅಥವಾ ಕೀಲಿ ಯಾವುದರ ಪಾತ್ರವನ್ನಾದರೂ ವಹಿಸಬಲ್ಲ ನಾಲ್ಕು ಟ್ಯೂಟರ್‌ಗಳಿದ್ದರೆ, ಲ್ಯಾಂಡ್ ಲೆಕ್ಕ ಬಿಟ್ಟು, 14.5 ಇದ್ದ ಮೂಲ ಸಂಭವನೀಯತೆ 37.1ಕ್ಕೆ ಜಿಗಿಯುತ್ತದೆ. ಆದರೆ ಡೆಮಾನಿಕ್ ಟ್ಯೂಟರ್ ಆಡಲು ಎರಡು ಮಾನಾ ಬೇಕು, ಆದ್ದರಿಂದ ಎರಡನೇ ಸರದಿ ಅದನ್ನು ಆಡುವುದರಲ್ಲೇ ಕಳೆಯುತ್ತದೆ. ಕಾಂಬೊ ಕಟ್ಟುವವರೆಲ್ಲ ಹೆಣಗುವುದು ವೇಗ ಮತ್ತು ಖಾತ್ರಿ ಇವೆರಡರ ನಡುವಿನ ಈ ಜಗ್ಗಾಟದಲ್ಲಿ. ಆಟವನ್ನು ಸೃಷ್ಟಿಸಿದ ರಿಚರ್ಡ್ ಗಾರ್ಫೀಲ್ಡ್ ಸ್ವತಃ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆದರೂ ಆರಂಭದ ದಿನಗಳಲ್ಲಿ ಬ್ಲ್ಯಾಕ್ ಲೋಟಸ್, ಒಂದು ಮೌಂಟನ್, ಚಾನೆಲ್, ಫೈರ್‌ಬಾಲ್ ಈ ನಾಲ್ಕರಿಂದ ಮೊದಲ ಸರದಿಯಲ್ಲೇ ಕೊಲ್ಲಬಹುದಾಗಿತ್ತು. ತನ್ನ 20 ಜೀವಾಂಕಗಳಲ್ಲಿ 19ನ್ನು ಸುರಿದು ಎದುರಾಳಿಯ 20ನ್ನೂ ಸುಡುವ ಆ ಆಟ ನನಗೆ ಬಹಳ ಹಿಡಿಸಿತು.

ಯು-ಗಿ-ಓಹ್ ಆಟದ ಎಕ್ಸೋಡಿಯಾ ಇನ್ನೊಂದು ತುದಿ. ಒಂದೊಂದೇ ಪ್ರತಿ ಇಡಬಹುದಾದ ಐದು ತುಂಡುಗಳೂ ಕೈಗೆ ಬಂದರೆ ಅಲ್ಲಿಗೇ ಗೆಲುವು. 40 ಎಲೆಗಳ ಕಟ್ಟಿನಿಂದ ಆರಂಭದ ಐದೂ ಅವೇ ಆಗುವುದು 6,58,008ರಲ್ಲಿ ಒಂದು ಸಲ. ನಿಮಿಷಕ್ಕೊಂದು ಕೈಯಂತೆ ಹಗಲಿರುಳು ಹಂಚಿದರೆ ಸರಾಸರಿ 457 ದಿನ ಕಾಯಬೇಕು.

ಹಾಗಾದರೆ ಅಳಿಯನಿಗೆ ಹತ್ತರಲ್ಲಿ ನಾಲ್ಕು ಬಂದದ್ದು ಹೇಗೆ? ನಿಜವಾದ ದರ 14.5 ಆಗಿದ್ದಾಗಲೂ ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬರುವ ಸಂಭವನೀಯತೆ ಶೇಕಡಾ 4.5, ಅಪರೂಪ, ಅಸಾಧ್ಯವಲ್ಲ. ಆದರೆ ಅವನು ಕಲೆಸುವುದನ್ನು ನೋಡಿದಾಗ ನನಗೆ ಬೇರೆ ಅನುಮಾನ ಬಂತು. ಬಂದ ಬೀಗ, ಕೀಲಿಗಳನ್ನು ಒಟ್ಟಿಗೆ ಕಟ್ಟಿನ ಮೇಲಿಟ್ಟು, ನಮ್ಮ ರೈಲಿನ ರಮ್ಮಿ ಗುಂಪಿನವರ ಹಾಗೆ ಮೇಲಿನ ತುಣುಕುಗಳನ್ನು ನಾಲ್ಕು ಸಲ ಕೆಳಗೆ ಸರಿಸಿ ಮುಗಿಸುತ್ತಿದ್ದ. ಹಾಗೆ ಕಲೆಸಿದರೆ ಅಕ್ಕಪಕ್ಕದ ಎಲೆಗಳು ಅಕ್ಕಪಕ್ಕದಲ್ಲೇ ಉಳಿಯುತ್ತವೆ. 52 ಎಲೆಗಳ ಕಟ್ಟನ್ನು ಎರಡು ಪಾಲು ಮಾಡಿ ಒಂದರೊಳಗೊಂದು ಹೆಣೆಯುವ ರೀತಿಯಲ್ಲಿ ಏಳು ಸಲವಾದರೂ ಕಲೆಸಬೇಕೆಂದು ಗಣಿತಜ್ಞರಾದ ಬೇಯರ್ ಮತ್ತು ಡಯಾಕೋನಿಸ್ 1992ರಲ್ಲಿ ತೋರಿಸಿದ್ದರು. ಮೇಲಿನ ಲೆಕ್ಕಗಳೆಲ್ಲ ಚೆನ್ನಾಗಿ ಕಲೆಸಿದ ಕಟ್ಟಿನ ಮೇಲೆ ನಿಂತವು.

ಮಂಗಳವಾರ ರಾತ್ರಿ ಅವನ ಫೋನ್ ಬಂತು. ಕ್ರಮವಾಗಿ ಕಲೆಸಿ, ಪುಸ್ತಕದಲ್ಲಿ ಗೀಟು ಹಾಕುತ್ತ ನೂರು ಕೈ ಹಂಚಿದನಂತೆ. ಬೀಗ, ಕೀಲಿ ಎರಡೂ ಬಂದದ್ದು ಹದಿನೇಳು ಸಲ. ‘ನಿಮ್ಮ ಲೆಕ್ಕ ತಪ್ಪು’ ಎಂದ. ನೂರು ಕೈಗಳಲ್ಲಿ ಮೂರೂವರೆಯಷ್ಟು ಆಚೀಚೆ ಆಗುವುದು ಸಹಜವೆಂದೂ, ಹದಿನೇಳು ಆ ಗೆರೆಯೊಳಗೇ ಇದೆಯೆಂದೂ ಹೇಳಿದೆ. ಸಾವಿರ ಹಂಚಿದರೆ ಆ ಅಲುಗಾಟ ಸುಮಾರು ಶೇಕಡಾ ಒಂದಕ್ಕೆ ಇಳಿಯುತ್ತದೆ ಎಂದದ್ದೇ ತಪ್ಪಾಯಿತು. ಪರೀಕ್ಷೆ ಹತ್ತಿರವಿರುವಾಗ ಹುಡುಗನಿಗೆ ಇದನ್ನೆಲ್ಲ ಹೇಳಿದವರಾರೆಂದು ಅಕ್ಕ ಕೇಳುತ್ತಿದ್ದಾಳೆ, ಅವನು ಈಗ ಮುನ್ನೂರನ್ನು ದಾಟಿದ್ದಾನೆ.