ಪ್ರೇಹ್ ವಿಹಾರ್: ನಕಾಶೆಯ ಇನ್ನಷ್ಟು ಪ್ರತಿ ಕೇಳಿದವರು

2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಸೈನ್ಯಗಳು ಗಡಿಯಲ್ಲಿ ಕಾದಾಡಿದಾಗ, ಧಾರವಾಡದ ನಮ್ಮ ಗೆಳೆಯರ ಬಳಗ ಅದನ್ನು ಗುಡಿಗಾಗಿ ನಡೆದ ಜಗಳವೆಂದು ಮಾತಾಡಿ ಮುಗಿಸಿತು. ಗುಡಿಗಳ ಸುತ್ತಲೇ ಜಗಳ ನಡೆದಿರುವುದು ನಿಜವಾದರೂ ಅದರ ಬೇರು ಇರುವುದು ಫ್ರೆಂಚರು ಬರೆದ ನಕಾಶೆಯಲ್ಲಿ ಮತ್ತು ಅದನ್ನು ಕಂಡೂ ಸಯಾಮ್, ಅಂದರೆ ಅಂದಿನ ಥಾಯ್ಲೆಂಡ್, ತಾಳಿದ ಮೌನದಲ್ಲಿ.

ಈ ವ್ಯಾಜ್ಯದ ನಡುವೆ ಇರುವುದು ಡಾಂಗ್ರೆಕ್ ಬೆಟ್ಟಸಾಲಿನ ಪ್ರೇಹ್ ವಿಹಾರ್. ಹಿಂದೆ ಕಾಂಬೋಡಿಯಾವನ್ನು ಆಳಿದ ಖ್ಮೇರ್ ಅರಸರ ಈ ಶಿವಾಲಯದ ದೇವರನ್ನು ಶಾಸನಗಳು ಶಿಖರೇಶ್ವರ ಎನ್ನುತ್ತವೆ. ಕಟ್ಟಡದ ಬಹುಭಾಗ ನಮ್ಮ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ 11ನೆಯ ಶತಮಾನದ್ದೇ. ಮೆಟ್ಟಿಲುಗಳ ಸಾಲು ಉತ್ತರಕ್ಕೆ, ಥಾಯ್ಲೆಂಡಿನ ಕಡೆಗೆ ಇಳಿಯುತ್ತದೆ; ಕಾಂಬೋಡಿಯಾದ ಬಯಲಿನಿಂದ ಬರುವವರಿಗೆ ಎದುರಾಗುವುದು ಕಡಿದಾದ ಬಂಡೆ.

1904ರಲ್ಲಿ, ಆಗ ಕಾಂಬೋಡಿಯಾವನ್ನು ತನ್ನ ಅಧೀನದಲ್ಲಿಟ್ಟುಕೊಂಡಿದ್ದ ಫ್ರಾನ್ಸ್ ಮತ್ತು ಸಯಾಮ್ ಮಾಡಿಕೊಂಡ ಒಪ್ಪಂದದ ಪ್ರಕಾರ, ಈ ಬೆಟ್ಟಸಾಲಿನಲ್ಲಿ ಮಳೆನೀರು ಎರಡು ಕಡೆಗೆ ಹರಿದು ಬೇರೆಯಾಗುವ ಏಣೇ ಗಡಿಯಾಗಬೇಕಿತ್ತು. ಆದರೆ ನಕಾಶೆ ಬರೆದುಕೊಡಿರೆಂದು ಸಯಾಮ್ ಸರಕಾರವೇ ಫ್ರೆಂಚ್ ಅಧಿಕಾರಿಗಳನ್ನು ಕೇಳಿಕೊಂಡಿತು. 1908ರಲ್ಲಿ ಬ್ಯಾಂಕಾಕಿಗೆ ತಲುಪಿದ ಆ ನಕಾಶೆಯಲ್ಲಿ ಗುಡಿ ಕಾಂಬೋಡಿಯಾದ ಪಾಲಿಗೆ ಬಿದ್ದಿತ್ತು. ನೀರಿನ ಹರಿವನ್ನೇ ಹಿಡಿದರೆ ಅದು ತನಗೆ ಸೇರುತ್ತದೆ ಎಂಬುದು ಥಾಯ್ಲೆಂಡಿನ ವಾದ. ಆಗ ಆಕ್ಷೇಪಿಸುವುದಿರಲಿ, ಒಳಾಡಳಿತದ ಮಂತ್ರಿಯಾಗಿದ್ದ ರಾಜಕುಮಾರ ಡಾಮ್ರೊಂಗ್ ಫ್ರೆಂಚರಿಗೆ ಕೃತಜ್ಞತೆ ಹೇಳಿ, ಪ್ರಾಂತಾಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿಗಳನ್ನು ಕೇಳಿದರು. 1930ರಲ್ಲಿ ಅವರೇ ಗುಡಿಗೆ ಹೋದಾಗ ಫ್ರೆಂಚ್ ಅಧಿಕಾರಿಯೊಬ್ಬರು ಅಲ್ಲಿ ತಮ್ಮ ಧ್ವಜ ಹಾರಿಸಿ, ಪೂರ್ಣ ಅಧಿಕೃತ ಉಡುಪಿನಲ್ಲಿ ಬರಮಾಡಿಕೊಂಡರು. ರಾಜಕುಮಾರರು ಊರಿಗೆ ಮರಳಿ ಆ ಭೇಟಿಯ ಫೋಟೋಗಳನ್ನು ಸೌಜನ್ಯದಿಂದ ಕಳಿಸಿಕೊಟ್ಟರು. 1934–35ರಲ್ಲಿ ಸಯಾಮ್ ತಾನೇ ಮೋಜಣಿ ಮಾಡಿಸಿ ವ್ಯತ್ಯಾಸ ಕಂಡುಕೊಂಡ ಮೇಲೂ ಗುಡಿಯನ್ನು ಕಾಂಬೋಡಿಯಾದಲ್ಲಿ ತೋರಿಸುವ ನಕಾಶೆಗಳನ್ನೇ ಬಳಸುತ್ತ ಹೋಯಿತು.

ಹೊಲದ ಮೋಜಣಿಯಾದಾಗ ಅಜ್ಜ ಸುಮ್ಮನಿದ್ದು, ಮೊಮ್ಮಗ ಬಾಂದುಕಲ್ಲು ತಪ್ಪಿದೆಯೆಂದು ಕೋರ್ಟಿಗೆ ಹೋದರೆ ನಮ್ಮಲ್ಲಿ ಏನು ಕೇಳುತ್ತಾರೋ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಅದನ್ನೇ ಕೇಳಿತು. 1962ರ ಜೂನ್ 15ರಂದು 9–3 ಬಹುಮತದಿಂದ ಗುಡಿ ಕಾಂಬೋಡಿಯಾದ್ದೆಂದು ತೀರ್ಪಾಯಿತು. ಕಾನೂನಿನ ಕಣ್ಣಿಗೆ ಇದು ಸರಿಯಿರಬಹುದು. ಆದರೆ 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬ್ಯಾಂಕಾಕಿನವರೆಗೆ ನುಗ್ಗಿದ್ದನ್ನು ಕಂಡಿದ್ದ, 1907ರಲ್ಲಿ ಬಟ್ಟಂಬಾಂಗ್ ಮತ್ತು ಸಿಯೆಮ್ ರೀಪ್ ಪ್ರಾಂತಗಳನ್ನು ಫ್ರೆಂಚರಿಗೆ ಬಿಟ್ಟುಕೊಟ್ಟಿದ್ದ ರಾಜ್ಯದ ಮೌನವನ್ನು ಬರೀ ಒಪ್ಪಿಗೆಯೆಂದು ಓದುವುದು ನನಗೆ ಕಷ್ಟ. ಪ್ರತಿಭಟಿಸಿದ್ದರೆ ಇನ್ನಷ್ಟು ನೆಲ ಕಸಿಯಲು ಫ್ರೆಂಚರಿಗೆ ನೆಪ ಸಿಗುತ್ತಿತ್ತೆಂದು ಡಾಮ್ರೊಂಗ್ ಅವರ ಮಗಳು ಹೇಳಿದ್ದೂ ನ್ಯಾಯಾಲಯದ ಮುಂದಿತ್ತು.

ಗುಡಿ ಯಾರದೆಂದು ಹೇಳಿದ ತೀರ್ಪು ಗಡಿರೇಖೆಯನ್ನು ತನ್ನ ಆದೇಶದಲ್ಲಿ ಬರೆಯಲಿಲ್ಲ. 2008ರಲ್ಲಿ ಯುನೆಸ್ಕೋ ಗುಡಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಸುತ್ತಲಿನ 4.6 ಚದರ ಕಿಲೋಮೀಟರ್ ನೆಲಕ್ಕಾಗಿ ಸೈನ್ಯಗಳು ಎದುರಾದವು. 2013ರಲ್ಲಿ ನ್ಯಾಯಾಲಯ ಗುಡಿ ನಿಂತಿರುವ ಬೆಟ್ಟದ ಚಾಚು ಕಾಂಬೋಡಿಯಾದ್ದೆಂದು ವಿವರಿಸಿತಾದರೂ, ಪಕ್ಕದ ಗುಡ್ಡದ ವಿಷಯ ತೀರ್ಮಾನಿಸಲಿಲ್ಲ. ಉಳಿದ ಗಡಿಗೆ ಕಾಂಬೋಡಿಯಾ ಇಂದಿಗೂ 1:2,00,000 ಪ್ರಮಾಣದ ಫ್ರೆಂಚ್ ನಕಾಶೆಯನ್ನೂ ಥಾಯ್ಲೆಂಡ್ 1:50,000 ಪ್ರಮಾಣದ ತನ್ನ ನಕಾಶೆಯನ್ನೂ ಮುಂದಿಡುತ್ತವೆ.