ಸೀಟಿಗಿಂತ ಮೊದಲು ಬರೋ ಕೂಗು

ಹುಬ್ಬಳ್ಳಿ ನೆಹರು ಮೈದಾನದಾಗ ಫುಟ್‌ಬಾಲ್ ನಡೆದಾಗ ಗೆರೆಗೆ ಹತ್ತಿ ನಿಂತ ಮಂದೀನ್ನ ಗಮನಿಸ್ರಿ. ಎದುರಾಳಿ ಬೂಟು ನಮ್ಮ ಹುಡುಗನ ಕಾಲಿಗೆ ತಾಗೂದೇ ತಡ, "ಏಏ ಫೌಲ್!" ಅಂತ ಒಮ್ಮೆಲೆ ಕೂಗು ಏಳ್ತದ. ರೆಫರಿ ಸೀಟಿ ಇನ್ನೂ ತುಟಿಗೆ ಹತ್ತಿರೂದಿಲ್ಲ.

ರೆಫರಿ ತಲಿಗೆ ಆ ಕೂಗು ಒಂದು ಸುಳಿವು. ಚೆಂಡು ಮೊದಲು ತಾಗಿತೋ, ಕಾಲು ಮೊದಲು ತಾಗಿತೋ ಅನ್ನೂದನ್ನ ಕ್ಷಣದಾಗ ಹೇಳಬೇಕು. ಕಣ್ಣಿಗೆ ಅನುಮಾನ ಬಂದಲ್ಲಿ ಕಿವಿ ತೀರ್ಪು ಕೊಡ್ತದ. 2002ರಾಗ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಾಗ 40 ರೆಫರಿಗಳಿಗೆ 47 ಟ್ಯಾಕಲ್‌ಗಳ (ಎದುರಾಳಿಯಿಂದ ಚೆಂಡು ಕಸಿಯೋ ಯತ್ನಗಳ) ವಿಡಿಯೊ ತೋರಿಸಿದ್ರು, ಕೆಲವರಿಗೆ ಸದ್ದಿನ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ಮೇಲೆ ಕೊಟ್ಟ ಫೌಲ್ 15.5% ಕಡಿಮೆ. ಅಂದ್ರ ಇಲ್ಲಿ ಪಕ್ಷಪಾತ ಕಂಡದ್ದು ಊದಿದ ಸೀಟಿಯೊಳಗಲ್ಲ, ಊದದೇ ಬಿಟ್ಟ ಸೀಟಿಯೊಳಗ. ಇದು ನನಗ ಭಾಳ ಮುಖ್ಯ ಅನಸ್ತದ, ಯಾಕಂದ್ರ ಊದದ ಸೀಟಿಯನ್ನ ಯಾರೂ ಲೆಕ್ಕ ಇಡೂದಿಲ್ಲ.

ಕೂಗು ಇಲ್ಲದಾಗ ಏನಾಗ್ತದ ಅನ್ನೂದೂ ಕಂಡದ: 2020ರಾಗ ಕೋವಿಡ್‌ನಿಂದ ಯುರೋಪಿನ ಮೈದಾನಗಳು ಖಾಲಿಯಾದಾಗ, ತವರು ತಂಡಕ್ಕಿಂತ ಹೊರಗಿನ ತಂಡಕ್ಕ ಹೆಚ್ಚಿಗೆ ಸಿಗ್ತಿದ್ದ ಹಳದಿ ಕಾರ್ಡು (ರೆಫರಿ ಕೊಡೋ ಎಚ್ಚರಿಕೆ) ಇಳಿದವು.

ಧಾರವಾಡ, ಗದಗ ಕಡೆ ಟೂರ್ನಿ ನಡಸೋರಿಗೆ ಒಂದು ಮಾತು: ಮಂದೀನ್ನ ಗೆರೆಯಿಂದ ನಾಲ್ಕೈದು ಮೀಟರ್ ಹಿಂದ ನಿಲ್ಲಸ್ರಿ, ಹಗ್ಗ ಕಟ್ಟಿದ್ರೂ ಸಾಕು. ಲೈನ್ಸ್‌ಮನ್ ಕಿವಿ ಪಕ್ಕದಾಗ ಒದರೂದು ತಪ್ಪತದ. ರೆಫರಿ ಚೆಂಡಿನ ಹಿಂದಹಿಂದ ಓಡದೆ ಓರೆಯಾಗಿ, ಇಬ್ಬರ ಕಾಲ ನಡುವಿನ ಸಂದು ಕಾಣೋ ಹಂಗ ನಿಲ್ಲಬೇಕು. ಅರ್ಧದ ಕೊನೆಗೆ ಸೇರಸೋ ಹೆಚ್ಚುವರಿ ಸಮಯಕ್ಕ, ಆಟ ನಿಂತ ಸೆಕೆಂಡುಗಳನ್ನ ಎರಡನೇ ವಾಚಿನಾಗ ಹಿಡೀರಿ. ಅಂದಾಜಿಗೆ ಬಿಟ್ರ ತವರು ತಂಡ ಒಂದು ಗೋಲು ಹಿಂದಿದ್ದಾಗ ಆ ಸಮಯ ಉದ್ದಾಗ್ತದ. ಸ್ಪೇನ್ ಲೀಗಿನ ಲೆಕ್ಕದಾಗೂ ಇದೇ ಕಂಡಿತ್ತು.